ರಮಣೀಯ: ಒಂದು ಪದ, ಹಲವು ತಪ್ಪು ಕಲ್ಪನೆ

ಮಳೆಗಾಲ ಕಾಲಿಟ್ಟರೆ ಸಾಕು, 'ರಮಣೀಯ' ಎಂಬ ಪದಕ್ಕೆ ಬಿಡುವೇ ಇರುವುದಿಲ್ಲ. ಜೋಗ ರಮಣೀಯ, ಆಗುಂಬೆ ರಮಣೀಯ, ಮುಳ್ಳಯ್ಯನಗಿರಿಯ ಮಂಜು ರಮಣೀಯ. ಪತ್ರಿಕೆಯ ಚಿತ್ರದ ಕೆಳಗೆ, ಪ್ರವಾಸ ಲೇಖನದ ಮೊದಲ ಸಾಲಿನಲ್ಲಿ, ಶಾಲಾ ಮಕ್ಕಳ ಪ್ರಬಂಧದಲ್ಲಿ ಎಲ್ಲೆಲ್ಲೂ ಅದೇ. ಬಳಕೆ ಹೆಚ್ಚಿದಷ್ಟೂ ಅರ್ಥ ಸವೆಯುತ್ತಾ ಬಂದು, ಈಗ ಅದು 'ಫೋಟೊದಲ್ಲಿ ಚೆನ್ನಾಗಿ ಬರುವ ಜಾಗ' ಎನ್ನುವಷ್ಟಕ್ಕೆ ಇಳಿದಿದೆ. ನನಗೆ ಇದು ಸಣ್ಣ ನಷ್ಟವಾಗಿ ಕಾಣುವುದಿಲ್ಲ. ಋಗ್ವೇದದ ನದಿಗಳಿಂದ ಹಿಡಿದು ಬುದ್ಧನ ಕೊನೆಯ ದಿನಗಳವರೆಗೆ, ಕಾಳಿದಾಸನಿಂದ ಜಗನ್ನಾಥ ಪಂಡಿತನವರೆಗೆ ನಡೆದು ಬಂದ ಮಾತಿನ ಮನೆತನ ಇದು. ಅದರ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಚೆಲುವಾದ ಜಾಗದ ಎದುರು ನಮ್ಮ ಹಿರಿಯರು ಏನು ಮಾಡುತ್ತಿದ್ದರು ಎಂಬುದೇ ತಿಳಿದುಬರುತ್ತದೆ.

ತಪ್ಪು ಕಲ್ಪನೆ: 'ರಮಣಿ'ಯಿಂದ 'ರಮಣೀಯ' ಬಂತು

ಹೆಣ್ಣಿನ ಚೆಲುವನ್ನು ಪ್ರಕೃತಿಗೆ ಆರೋಪಿಸಿ ಈ ಪದ ಹುಟ್ಟಿತು ಎಂದು ಹಲವರು ನಂಬಿದ್ದಾರೆ. ಕೇಳಲು ಸೊಗಸಾದ ವಿವರಣೆ, ಆದರೆ ವ್ಯಾಕರಣ ಒಪ್ಪುವುದಿಲ್ಲ. ಎರಡೂ ಪದಗಳು 'ರಮ್' ಎಂಬ ಒಂದೇ ಧಾತುವಿನಿಂದ ಬಂದಿದ್ದರೂ ಹಿಡಿದ ದಾರಿ ಬೇರೆ. ರಮಣ ಎಂಬುದರ ಸ್ತ್ರೀಲಿಂಗ ರಮಣೀ. ರಮಣೀಯದಲ್ಲಿ ಇರುವುದು 'ಅನೀಯ' ಎಂಬ ಪ್ರತ್ಯಯ. ಪೂಜನೀಯ, ಸ್ಮರಣೀಯ, ಶೋಚನೀಯ, ದರ್ಶನೀಯ ಇವೆಲ್ಲ ಅದೇ ಅಚ್ಚಿನವು. ಪೂಜೆಗೆ ತಕ್ಕದ್ದು ಪೂಜನೀಯ, ನೆನೆಯಲು ತಕ್ಕದ್ದು ಸ್ಮರಣೀಯ. ಹಾಗೆಯೇ ರಮಿಸಲು ತಕ್ಕದ್ದು ರಮಣೀಯ. ಪಾಣಿನಿ ಈ ಪ್ರತ್ಯಯವನ್ನು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಹೇಳಿದ್ದಾನೆ.

ಇಲ್ಲೇ ಕಾಗುಣಿತದ ಮಾತೂ ಬರುತ್ತದೆ. 'ರಮಣಿಯ' ಎಂದು ಹ್ರಸ್ವವಾಗಿ ಬರೆಯುವುದು ತಪ್ಪು, 'ರಮನೀಯ' ಎನ್ನುವುದೂ ತಪ್ಪು. ಮೊದಲ ಅಕ್ಷರದ ರಕಾರದ ಪ್ರಭಾವದಿಂದ ಪ್ರತ್ಯಯದ ನಕಾರ ಣಕಾರವಾಗಿದೆ. ಸ್ಮರಣೀಯದಲ್ಲಿ ಆಗುವುದೂ ಅದೇ. ದರ್ಶನೀಯದಲ್ಲಿ ರಕಾರ ಇದ್ದರೂ ನಡುವೆ ಶಕಾರ ಅಡ್ಡ ಬಂದಿರುವುದರಿಂದ ನಕಾರ ಹಾಗೆಯೇ ಉಳಿಯಿತು. ಇಷ್ಟು ತಿಳಿದವರು ಈ ಪದವನ್ನು ಮುಂದೆಂದೂ ತಪ್ಪಾಗಿ ಬರೆಯಲಾರರು.

ತಪ್ಪು ಕಲ್ಪನೆ: ರಮಣೀಯ ಎಂದರೆ ಕಣ್ಣಿಗೆ ಚಂದ ಕಾಣುವುದು

ಎಲ್ಲಕ್ಕಿಂತ ಆಳಕ್ಕೆ ಬೇರು ಬಿಟ್ಟ ತಪ್ಪು ಇದು. ಕಣ್ಣಿಗೆಂದೇ ಮೀಸಲಾದ ಪದಗಳು ನಮ್ಮಲ್ಲಿ ಬೇರೆ ಇವೆ. ನೋಡಲು ತಕ್ಕದ್ದು ದರ್ಶನೀಯ, ಪ್ರೇಕ್ಷಣೀಯ. ಪ್ರವಾಸೋದ್ಯಮದ ಫಲಕಗಳಲ್ಲಿ 'ಪ್ರೇಕ್ಷಣೀಯ ಸ್ಥಳ' ಎಂದು ಬರೆಯುವುದು ಸರಿಯಾಗಿಯೇ ಇದೆ: ಬಂದರು, ನೋಡಿದರು, ಹೋದರು. ರಮಣೀಯದಲ್ಲಿ ನೋಡುವ ಮಾತೇ ಇಲ್ಲ.

ಹಾಗಾದರೆ 'ರಮ್' ಎಂದರೇನು? ಧಾತುಪಾಠ ಇದಕ್ಕೆ ಕೊಡುವ ಅರ್ಥ ಕ್ರೀಡೆ, ಆಡುವುದು. ಆದರೆ ಅದಕ್ಕೂ ಹಳೆಯ ಅರ್ಥವೊಂದು ಋಗ್ವೇದದಲ್ಲಿದೆ. ಮೂರನೆಯ ಮಂಡಲದ 33ನೆಯ ಸೂಕ್ತದಲ್ಲಿ ವಿಶ್ವಾಮಿತ್ರ ಎರಡು ನದಿಗಳ ಸಂಗಮದಲ್ಲಿ ನಿಂತಿದ್ದಾನೆ. ವಿಪಾಶ ಮತ್ತು ಶುತುದ್ರಿ, ಎಂದರೆ ಇಂದಿನ ಬಿಯಾಸ್ ಮತ್ತು ಸಟ್ಲೆಜ್. ಅವನ ಜೊತೆಗೆ ಬಂಡಿ, ರಥ, ಭರತ ಕುಲದವರ ದಂಡು. ಹೊಳೆ ತುಂಬಿ ಹರಿಯುತ್ತಿದೆ. ನನ್ನ ಮಾತಿಗಾಗಿ ಒಂದು ಗಳಿಗೆ ನಿಲ್ಲಿ, ಬಂಡಿಯ ಅಚ್ಚಿಗಿಂತ ಕೆಳಗೆ ಹರಿಯಿರಿ ಎಂದು ಅವನು ನದಿಗಳನ್ನೇ ಬೇಡಿಕೊಳ್ಳುತ್ತಾನೆ. ಅಲ್ಲಿ 'ನಿಲ್ಲಿ' ಎನ್ನುವುದಕ್ಕೆ ಅವನು ಬಳಸಿದ ಕ್ರಿಯಾಪದ ಇದೇ ರಮ್. ನದಿಗಳು ಕವಿಯ ಮಾತು ಕೇಳಿ ಬಾಗುತ್ತವೆ.

ರಮ್ ಎಂದರೆ ಮೊದಲಿಗೆ ನಿಲ್ಲುವುದು, ಓಟ ಬಿಟ್ಟು ತಂಗುವುದು. ತಂಗಿದ ಮೇಲೆ ದಣಿವಾರುತ್ತದೆ, ದಣಿವಾರಿದಾಗ ಮನಸ್ಸಿಗೆ ಹಿತವಾಗುತ್ತದೆ, ಹಿತದಿಂದ ನಲಿವು ಹುಟ್ಟುತ್ತದೆ. ಅರ್ಥ ಬೆಳೆದ ದಾರಿ ಇದು. ಹಳೆಯ ಅರ್ಥ ಸತ್ತಿಲ್ಲ, ನಮ್ಮ ನಿತ್ಯದ ಬರವಣಿಗೆಯಲ್ಲೇ ಉಳಿದಿದೆ. ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ ಎನ್ನುವಾಗ ನಾವು ಬಳಸುವುದು ಇದೇ ಧಾತುವನ್ನು. 'ಅವಿರತ' ಎಂದರೆ ನಿಲ್ಲದೆ ನಡೆಯುವುದು, ಅದೂ ಇದರ ಕುಲದ್ದೇ. ದೂರದ ಲಿಥುವೇನಿಯಾದ ಭಾಷೆಯಲ್ಲಿ 'ರಮುಸ್' ಎಂದರೆ ಶಾಂತ, ಗದ್ದಲವಿಲ್ಲದ್ದು. ಸಂಸ್ಕೃತಕ್ಕೂ ಆ ಭಾಷೆಗೂ ಇರುವ ಬಹು ಹಿಂದಿನ ನಂಟಿಗೆ ಇಂಥ ಪದಗಳೇ ಸಾಕ್ಷಿ.

ಈ ಹಿನ್ನೆಲೆಯಿಟ್ಟುಕೊಂಡು ವಾಲ್ಮೀಕಿ ರಾಮಾಯಣದ ಬಾಲಕಾಂಡಕ್ಕೆ ಬನ್ನಿ. ಎರಡನೆಯ ಸರ್ಗದಲ್ಲಿ ವಾಲ್ಮೀಕಿ ಶಿಷ್ಯ ಭರದ್ವಾಜನೊಡನೆ ತಮಸಾ ನದಿಯ ದಡಕ್ಕೆ ಬರುತ್ತಾನೆ. ಕ್ರೌಂಚಪಕ್ಷಿಯ ಪ್ರಸಂಗ ನಡೆಯುವುದಕ್ಕೆ ಸ್ವಲ್ಪವೇ ಮುಂಚೆ. ಕೆಸರಿಲ್ಲದ, ತಿಳಿಯಾದ, ಒಳ್ಳೆಯ ಮನುಷ್ಯನ ಮನಸ್ಸಿನಂಥ ನೀರು ಎಂದು ಆ ತೀರ್ಥವನ್ನು ಶಿಷ್ಯನಿಗೆ ತೋರಿಸುತ್ತಾನೆ. ಅಲ್ಲಿ ಬರುವ ವಿಶೇಷಣ ರಮಣೀಯ. ಅದಾದ ಮೇಲೆ ಅವನು ಏನು ಮಾಡುತ್ತಾನೆ ಎಂಬುದನ್ನು ಗಮನಿಸಬೇಕು. ಕೊಡ ಕೆಳಗಿಡು, ವಲ್ಕಲ ಕೊಡು, ಇಲ್ಲೇ ಸ್ನಾನ ಮಾಡುತ್ತೇನೆ ಎನ್ನುತ್ತಾನೆ. ರಮಣೀಯ ಎಂದವನು ಅಲ್ಲೇ ನಿಂತ, ನೀರಿಗಿಳಿಯಲು ಸಿದ್ಧನಾದ. ಪದದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ತೋರುವ ಪ್ರಸಂಗ ನನಗೆ ಗೊತ್ತಿಲ್ಲ.

ಕಾಳಿದಾಸನೂ ಹೀಗೆಯೇ. ಶಾಕುಂತಲದ ಆರಂಭದಲ್ಲಿ ಸೂತ್ರಧಾರ ಬೇಸಿಗೆಯ ಹಗಲನ್ನು ವರ್ಣಿಸುತ್ತಾನೆ. ನೀರಿನಲ್ಲಿ ಮುಳುಗೇಳುವ ಹಿತ, ಪಾದರಿ ಹೂವಿನ ಕಂಪು ಹೊತ್ತ ಕಾಡುಗಾಳಿ, ದಟ್ಟ ನೆರಳಲ್ಲಿ ಸುಲಭವಾಗಿ ಹತ್ತುವ ನಿದ್ದೆ, ಕೊನೆಗೆ ಹೊತ್ತಿಳಿಯುವಾಗಿನ ರಮಣೀಯತೆ. ಚರ್ಮ, ಮೂಗು, ನಿದ್ದೆ ಎಲ್ಲವೂ ಬಂದವು, ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ. ಕಣ್ಣು ಮುಚ್ಚಿದ ಮೇಲೂ ಸಿಗುವ ಸುಖವನ್ನು ಅವನು ಪಟ್ಟಿ ಮಾಡಿದ್ದಾನೆ. ಅಷ್ಟೇ ಅಲ್ಲ, ರಮಣೀಯ ಎನಿಸಿಕೊಂಡದ್ದು ಅಲ್ಲಿ ಜಾಗವಲ್ಲ, ಹೊತ್ತು.

ಕನ್ನಡದಲ್ಲಿ ಊರ ಮೇಲಿನ ಪ್ರೀತಿಗೆ ಬನವಾಸಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಹತ್ತನೆಯ ಶತಮಾನದ ಪಂಪ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನ ನೆಪದಲ್ಲಿ ಆ ನಾಡನ್ನು ನೆನೆಯುತ್ತಾನೆ. ಅವನಿಗೆ ನೆನಪು ತರುವುದು ಮೈಗೆ ಸೋಕುವ ತೆಂಕಣ ಗಾಳಿ, ಕಿವಿಗೆ ಬಿದ್ದ ಒಳ್ಳೆಯ ಮಾತು, ಹಾಡಿನ ಇಂಪು, ಬಿರಿದ ಮಲ್ಲಿಗೆ. ಬೆಟ್ಟದ ತುದಿಯಿಂದ ಕಾಣುವ ವಿಶಾಲ ನೋಟ ಅಲ್ಲಿಲ್ಲ. ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಆ ವನದಲ್ಲೇ ಮತ್ತೆ ಹುಟ್ಟಬೇಕೆಂಬ ಆಸೆ ಇದೆ. ನೋಡಿ ಬರುವ ಆಸೆಗೂ ಅಲ್ಲೇ ಇರುವ ಆಸೆಗೂ ಎಷ್ಟು ಅಂತರ!

ತಪ್ಪು ಕಲ್ಪನೆ: ಮನೋಹರ, ಆಕರ್ಷಕ, ರಮಣೀಯ ಎಲ್ಲ ಒಂದೇ

ಪದಕೋಶದಲ್ಲಿ ಅಕ್ಕಪಕ್ಕ ಕೂತಿರಬಹುದು, ಆದರೆ ಮೂಲದಲ್ಲಿ ಇವು ಎದುರುಬದುರು. ಮನೋಹರ ಎಂದರೆ ಮನಸ್ಸನ್ನು ಹರಣ ಮಾಡುವುದು, ಕದ್ದೊಯ್ಯುವುದು. ಆಕರ್ಷಕ ಎಂದರೆ ಎಳೆಯುವುದು. ನೇಗಿಲ ಕೆಲಸದ ಕೃಷಿಯೂ ಅದೇ ಧಾತುವಿನ ಪದ. ಇವೆರಡರಲ್ಲೂ ಮನಸ್ಸು ಎಲ್ಲಿಗೋ ಹೋಗುತ್ತದೆ. ರಮಣೀಯದಲ್ಲಿ ಅದು ಇದ್ದಲ್ಲೇ ನೆಲೆ ನಿಲ್ಲುತ್ತದೆ. ಜಾತ್ರೆಯ ದೀಪಾಲಂಕಾರ ಮನೋಹರವಾಗಿರಬಹುದು, ಅಂಗಡಿಯ ಫಲಕ ಆಕರ್ಷಕವಾಗಿರಬಹುದು. ಕೆರೆಯ ದಂಡೆಯ ಸಂಜೆಗೆ ಒಪ್ಪುವ ಮಾತು ರಮಣೀಯ.

ತಪ್ಪು ಕಲ್ಪನೆ: ಅದು ಪ್ರಕೃತಿಗೆ ಮೀಸಲಾದ ವಿಶೇಷಣ

ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಈ ಪದ ಬರುವುದು ಮನುಷ್ಯರ ನಡತೆಯನ್ನು ಹೇಳಲು. ಅಲ್ಲಿ ರಮಣೀಯವಾದ ನಡತೆ ಎಂದರೆ ಒಳ್ಳೆಯ ನಡತೆ, ಅದಕ್ಕೆ ಎದುರಾಗಿ ನಿಲ್ಲುವುದು ಹೊಲಸು ನಡತೆ. ಅದೇ ಸಾಲು ಮುಂದುವರಿದು ಹುಟ್ಟಿನ ಮೇಲುಕೀಳನ್ನು ನಡತೆಯ ಫಲವೆಂದು ಹೇಳುವುದರಿಂದ ಇಂದು ಅದನ್ನು ಒಪ್ಪಿ ಓದಲಾಗದು. ಆದರೆ ಪದದ ಚರಿತ್ರೆಗೆ ಅದು ಮುಖ್ಯ ದಾಖಲೆ: ಬೆಟ್ಟಕ್ಕೂ ಹೊಳೆಗೂ ಸಂಬಂಧವೇ ಇಲ್ಲದ ರಮಣೀಯ ಅದು.

ಪಾಲಿ ಭಾಷೆಯಲ್ಲೂ ಪದದ ರೂಪ ಇದೇ, ಒಂದಕ್ಷರವೂ ಬದಲಾಗಿಲ್ಲ. ಮಹಾಪರಿನಿಬ್ಬಾಣ ಸುತ್ತದಲ್ಲಿ ವೃದ್ಧನಾದ ಬುದ್ಧ ವೈಶಾಲಿಯ ಚಾಪಾಲ ಚೈತ್ಯದಲ್ಲಿ ಕೂತು ಶಿಷ್ಯ ಆನಂದನಿಗೆ ಹೇಳುತ್ತಾನೆ, ವೈಶಾಲಿ ರಮಣೀಯ, ಉದೇನ ಚೈತ್ಯ ರಮಣೀಯ, ಗೋತಮಕ ಚೈತ್ಯ ರಮಣೀಯ ಎಂದು ಒಂದೊಂದನ್ನೇ ಹೆಸರಿಟ್ಟು. ಪರಿನಿರ್ವಾಣಕ್ಕೆ ಹೆಚ್ಚು ದಿನ ಉಳಿದಿಲ್ಲ. ಜಗತ್ತಿನ ನಶ್ವರತೆಯನ್ನು ಜೀವನವಿಡೀ ಬೋಧಿಸಿದವನು ತಾನು ತಂಗಿದ ಜಾಗಗಳನ್ನು ಹೀಗೆ ಎಣಿಸುತ್ತಾನೆ. ಇಲ್ಲಿ ಇನ್ನೂ ಸ್ವಲ್ಪ ಕಾಲ ಇರಬಹುದು ಎಂಬ ಸೂಚನೆಯೂ ಆ ಮಾತಿನ ಹಿಂದಿದೆ. ಆನಂದನಿಗೆ ಅದು ಹೊಳೆಯುವುದಿಲ್ಲ. ಪ್ರತಿ ಸಲ ಓದಿದಾಗಲೂ ಈ ಭಾಗ ನನ್ನನ್ನು ಕಲಕುತ್ತದೆ. ಜಾಗ ರಮಣೀಯ ಎನ್ನುವುದಕ್ಕೂ 'ಇನ್ನೂ ಇರೋಣ' ಎನ್ನುವುದಕ್ಕೂ ಅಲ್ಲಿ ಅಂತರವೇ ಇಲ್ಲ.

ಧಮ್ಮಪದದ ಅರಹಂತ ವರ್ಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಊರಾಗಲಿ ಕಾಡಾಗಲಿ, ತಗ್ಗಾಗಲಿ ದಿಬ್ಬವಾಗಲಿ, ಮುಕ್ತಿ ಪಡೆದ ಅರ್ಹಂತರು ನೆಲೆಸಿದ ನೆಲವೇ ರಮಣೀಯ ಎನ್ನುತ್ತದೆ. ನೆಲದ ಚೆಲುವನ್ನು ತೀರ್ಮಾನಿಸುವುದು ಅಲ್ಲಿ ಬಾಳಿದವರ ಬಾಳು. 'ಜಾಗ ತನ್ನಷ್ಟಕ್ಕೆ ಸುಂದರ, ನಾವು ಹೋಗಿ ನೋಡುವುದಷ್ಟೇ ಬಾಕಿ' ಎಂಬ ಈಗಿನ ಧೋರಣೆಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ?

ತಪ್ಪು ಕಲ್ಪನೆ: 'ರುದ್ರರಮಣೀಯ' ಎಂಬುದು ಅರ್ಥವಿಲ್ಲದ ಉತ್ಪ್ರೇಕ್ಷೆ

ಭಯ ಹುಟ್ಟಿಸುವುದು ರಮಣೀಯ ಆಗುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ರಮಣೀಯ ಎಂದರೆ ನಯವಾದದ್ದು, ಕೋಮಲವಾದದ್ದು ಎಂಬ ಗ್ರಹಿಕೆ ಇದರ ಹಿಂದಿದೆ. ಇಂಗ್ಲೆಂಡಿನಲ್ಲಿ ಎಡ್ಮಂಡ್ ಬರ್ಕ್ 1757ರಲ್ಲಿ ಭವ್ಯ ಮತ್ತು ಸುಂದರ ಎಂಬ ಎರಡು ಅನುಭವಗಳನ್ನು ಬೇರೆ ಮಾಡಿ ಗ್ರಂಥ ಬರೆದ. ಭಯ ಭವ್ಯದ ಪಾಲಿಗೆ, ನಯ ಸುಂದರದ ಪಾಲಿಗೆ. ಆ ಭೇದವನ್ನು ನಮ್ಮ ಪದದ ಮೇಲೆ ಹೇರಿದಾಗ ಗೊಂದಲವಾಗುತ್ತದೆ. ನಮ್ಮ ಪರಂಪರೆಯಲ್ಲಿ ಇಂಥ ಗಡಿ ಇರಲಿಲ್ಲ. ಬುದ್ಧ ರಾಜಗೃಹದಲ್ಲಿ ತಂಗಿದ ಜಾಗಗಳನ್ನು ನೆನೆಯುವಾಗ ಗೃಧ್ರಕೂಟವನ್ನು ರಮಣೀಯ ಎಂದಂತೆಯೇ 'ಕಳ್ಳರ ಪ್ರಪಾತ' ಎಂಬ ಹೆಸರಿನ ಕಡಿದಾದ ಬಂಡೆಯನ್ನೂ ರಮಣೀಯ ಎನ್ನುತ್ತಾನೆ. ಭವಭೂತಿಯ ಉತ್ತರರಾಮಚರಿತದಲ್ಲಿ ರಾಮ ಮತ್ತೆ ಕಾಣುವ ದಂಡಕಾರಣ್ಯ ಒಂದೆಡೆ ತಂಪು ಹಸಿರು, ಇನ್ನೊಂದೆಡೆ ಎದೆ ನಡುಗಿಸುವ ಒರಟು. ಎರಡೂ ಕೂಡಿಯೇ ಅದು ಅವನು ಬಾಳಿದ ಕಾಡು.

ಜೋಗದಲ್ಲಿ ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ತುಂಬು ಮಳೆಗಾಲದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಮೊರೆಯುವಾಗ ಕಾಲು ಹಿಂದೆ ಸರಿಯುತ್ತದೆ, ಆದರೂ ಹೊರಡಲು ಮನಸ್ಸಾಗುವುದಿಲ್ಲ. ಕಾಲು ಹಿಂದೆ ಸರಿಸುವುದು ರುದ್ರ, ಹೊರಡಗೊಡದಿರುವುದು ರಮಣೀಯ. ಈ ಜೋಡುಪದವನ್ನು ಕಟ್ಟಿದವರಿಗೆ ಭಾಷೆಯೂ ಗೊತ್ತಿತ್ತು, ಭೂಮಿಯೂ ಗೊತ್ತಿತ್ತು.

ತಪ್ಪು ಕಲ್ಪನೆ: ಕ್ಷಣಕ್ಷಣಕ್ಕೂ ಹೊಸದಾಗುವ ಚೆಲುವಿನ ಮಾತು ಕಾಳಿದಾಸನದು

ರಮಣೀಯತೆ ಎಂದರೆ ಗಳಿಗೆ ಗಳಿಗೆಗೂ ಹೊಸತಾಗುತ್ತಾ ಹೋಗುವುದು ಎಂಬರ್ಥದ ಸಂಸ್ಕೃತ ಸೂಕ್ತಿಯನ್ನು ಭಾಷಣಗಳಲ್ಲಿ ಕೇಳದವರಿಲ್ಲ. ಕೆಲವರು ಅದನ್ನು ಕಾಳಿದಾಸನ ತಲೆಗೆ ಕಟ್ಟುತ್ತಾರೆ, ಕೆಲವರು ಹೆಣ್ಣಿನ ವರ್ಣನೆ ಎನ್ನುತ್ತಾರೆ, ಮತ್ತೆ ಕೆಲವರು ಅಲಂಕಾರಶಾಸ್ತ್ರದ ಸೂತ್ರವೆಂದೇ ತಿಳಿದಿದ್ದಾರೆ. ಅದು ಏಳನೆಯ ಶತಮಾನದ ಮಾಘ ಕವಿಯದು, ಶಿಶುಪಾಲವಧದ ನಾಲ್ಕನೆಯ ಸರ್ಗದಲ್ಲಿದೆ. ವಿಷಯ ಒಂದು ಬೆಟ್ಟ, ರೈವತಕ. ಗುಜರಾತಿನ ಜುನಾಗಢದ ಬಳಿಯ ಗಿರ್ನಾರ್ ಎಂದು ಅದನ್ನು ಗುರುತಿಸುತ್ತಾರೆ.

ಸಂದರ್ಭ ತಿಳಿಯದೆ ಆ ಸಾಲಿನ ಸೊಗಸು ಪೂರ್ತಿ ದಕ್ಕುವುದಿಲ್ಲ. ಕಾವ್ಯದ ನಾಯಕ ಕೃಷ್ಣ ದ್ವಾರಕೆಯವನು. ರೈವತಕ ಅವನಿಗೆ ಹೊಸ ಬೆಟ್ಟವಲ್ಲ, ಎಷ್ಟೋ ಸಲ ಕಂಡದ್ದೇ. ಆದರೂ ಈ ಸಲ ಮೊದಲ ಬಾರಿ ಕಂಡಂತೆ ಬೆರಗಾಗುತ್ತಾನೆ. ಆಗ ಕವಿ ಆ ಮಾತು ಹೇಳುತ್ತಾನೆ. ಹೊಸ ಹೊಸ ಜಾಗ ಹುಡುಕಿ ಹೋಗುವವರ ಮಾತಲ್ಲ ಅದು, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವವರ ಮಾತು. ಅದೇ ಸರ್ಗದಲ್ಲಿ ಸೂರ್ಯ ಹುಟ್ಟುವ, ಚಂದ್ರ ಮುಳುಗುವ ಹೊತ್ತಿನ ಬೆಟ್ಟವನ್ನು ಎರಡು ಬದಿಗೂ ಗಂಟೆ ತೂಗುಬಿಟ್ಟ ಆನೆಯಾಗಿ ಕಂಡದ್ದಕ್ಕೆ ಅವನಿಗೆ 'ಘಂಟಾಮಾಘ' ಎಂಬ ಹೆಸರು ಬಂತು. ಬೆಟ್ಟವನ್ನು ನಿಂತು ನೋಡಿದ ಕವಿಗೆ ಸಿಕ್ಕ ಬಿರುದು.

ಹತ್ತು ಶತಮಾನಗಳಾದ ಮೇಲೆ ಇದೇ ಪದ ಕಾವ್ಯಮೀಮಾಂಸೆಯ ನಡುಮನೆಗೆ ಬಂತು. ತೆಲುಗು ನಾಡಿನಿಂದ ಹೋಗಿ ಷಾಜಹಾನನ ಆಸ್ಥಾನದಲ್ಲಿ ಪಂಡಿತರಾಜನೆನಿಸಿದ ಜಗನ್ನಾಥ ತನ್ನ ರಸಗಂಗಾಧರದಲ್ಲಿ ರಮಣೀಯವಾದ ಅರ್ಥವನ್ನು ಕೊಡುವ ಶಬ್ದವೇ ಕಾವ್ಯ ಎಂದ. ಯಾವುದು ರಮಣೀಯ ಎಂಬುದಕ್ಕೂ ಅವನ ಬಳಿ ಉತ್ತರವಿದೆ. 'ನಿನಗೆ ಮಗ ಹುಟ್ಟಿದ', 'ನಿನಗೆ ಹಣ ಕೊಡುತ್ತೇನೆ' ಎಂಬ ಮಾತುಗಳಿಂದಲೂ ಸಂತೋಷವಾಗುತ್ತದೆ, ಆದರೆ ಅದು ಲೋಕದ ಸಂತೋಷ. ನಮ್ಮ ಲಾಭಕ್ಕೆ ಅಂಟಿಕೊಳ್ಳದ, ಮತ್ತೆ ಮತ್ತೆ ಮನಸ್ಸಿಗೆ ತಂದುಕೊಂಡಷ್ಟೂ ಸಿಗುವ ಆಹ್ಲಾದ ಬೇರೆ, ರಮಣೀಯ ಹುಟ್ಟಿಸುವುದು ಅದನ್ನು. ಚಿತ್ರದಡಿಯ ಹಗುರ ಪದ ಎಂದು ಇದನ್ನು ತಳ್ಳಿಹಾಕುವವರು ಇಷ್ಟನ್ನಾದರೂ ನೆನಪಿಡಬೇಕು.

ತಪ್ಪು ಕಲ್ಪನೆ: 'ಆರಾಮ' ಉರ್ದುವಿನದು, 'ರಮ್ಯ' ರೊಮ್ಯಾಂಟಿಕ್‌ನ ನಂಟ

ಉತ್ತರ ಕರ್ನಾಟಕದಲ್ಲಿ 'ಆರಾಮ ಇದ್ದೀರೇನ್ರಿ?' ಎಂದು ಕೇಳುವಾಗ ನಾಲಗೆಯ ಮೇಲಿರುವುದು ಪಾರಸಿಯಿಂದ ಬಂದ ಪದ, ನೆಮ್ಮದಿ ಎಂಬರ್ಥದ್ದು. ಕಾವ್ಯಗಳಲ್ಲಿ ತೋಟ ಎಂಬರ್ಥದಲ್ಲಿ ಬರುವ ಆರಾಮ ಸಂಸ್ಕೃತದ್ದು. ಬೌದ್ಧರ ಸಂಘಾರಾಮವೂ ಅದೇ. ಅದರ ತದ್ಭವ 'ಆರವೆ' ಹಳಗನ್ನಡದಲ್ಲಿದೆ. ಯಾವುದೂ ಯಾವುದರಿಂದಲೂ ಎರವಲಲ್ಲ. ಪಾರಸಿಯೂ ಸಂಸ್ಕೃತವೂ ಒಂದೇ ತಾಯಿಬೇರಿನ ಭಾಷೆಗಳು, ರಮ್ ಎರಡರ ಪಾಲಿಗೂ ಬಂದ ಆಸ್ತಿ. ಕನ್ನಡಕ್ಕೆ ಎರಡೂ ಬೇರೆ ಬೇರೆ ಬಾಗಿಲಿನಿಂದ ಬಂದು ಸೇರಿದವು.

'ರಮ್ಯ' ಮತ್ತು 'ರೊಮ್ಯಾಂಟಿಕ್' ಮಾತ್ರ ಬರೀ ಧ್ವನಿಸಾಮ್ಯ. ರೊಮ್ಯಾನ್ಸ್ ಎಂಬುದಕ್ಕೆ ಮೂಲ ರೋಮ್ ನಗರದ ಹೆಸರು. ಲ್ಯಾಟಿನ್ ಬಿಟ್ಟು ಜನರ ಆಡುಮಾತಿನಲ್ಲಿ ಬರೆದ ವೀರಕಥೆಗಳಿಗೆ ಫ್ರೆಂಚರು ಆ ಹೆಸರಿಟ್ಟರು. ಅಂಥ ಕಥೆಗಳಲ್ಲಿ ಬರುವಂಥ ಕಾಡು, ಬೆಟ್ಟ, ಪಾಳುಕೋಟೆಗಳನ್ನು ಹದಿನೇಳನೆಯ ಶತಮಾನದ ಇಂಗ್ಲಿಷರು ರೊಮ್ಯಾಂಟಿಕ್ ಎನ್ನತೊಡಗಿದರು. ಕನ್ನಡ ವಿಮರ್ಶೆ ಅದಕ್ಕೆ 'ರಮ್ಯ' ಎಂಬುದನ್ನು ಆರಿಸಿಕೊಂಡಿತು. ಒಳ್ಳೆಯ ಆಯ್ಕೆ, ಆದರೆ ರಕ್ತಸಂಬಂಧವಿಲ್ಲ.

ತಪ್ಪು ಕಲ್ಪನೆ: ರಮಣೀಯ ಸಂಸ್ಕೃತ, ಸೊಬಗು, ಸೊಗಸು ಅಚ್ಚಗನ್ನಡ

ಮೊದಲರ್ಧ ಸರಿ. ಸೊಬಗು ಸಂಸ್ಕೃತದ 'ಸುಭಗ'ದ ತದ್ಭವ, ಒಳ್ಳೆಯ ಭಾಗ್ಯವುಳ್ಳದ್ದು ಎಂದು ಮೂಲಾರ್ಥ. ಸೊಗಸಿನ ಒಳಗಿರುವುದು 'ಸೊಗ', ಅದು 'ಸುಖ'ದ ತದ್ಭವ. ಅಚ್ಚಗನ್ನಡವೇ ಬೇಕೆಂದರೆ ಚೆಲುವು ಇದೆ. ಆದರೆ ಸೊಗಸನ್ನು ಹೊರಗಿನದೆಂದು ಬಿಡುವುದು ಅನ್ಯಾಯ. ಸುಖವೆಂಬ ಪದವನ್ನು ತಂದು, ಕನ್ನಡದ ನಾಲಗೆಯಲ್ಲಿ ಹದಗೊಳಿಸಿ, ಚೆಲುವಿಗೆ ಹೆಸರಾಗಿಸಿದ್ದು ಕನ್ನಡಿಗರೇ. ಮೈಮನಸ್ಸಿಗೆ ಹಿತವಾದದ್ದೇ ಚೆಲುವು ಎಂಬ ತಿಳಿವು ರಮಣೀಯದ ತಿಳಿವಿನ ಪಕ್ಕದ್ದೇ.

ಬರೆಯುವವರಲ್ಲಿ, ಅದರಲ್ಲೂ ಪ್ರವಾಸದ ಪುಟಗಳಿಗೆ ಬರೆಯುವ ಕಿರಿಯರಲ್ಲಿ, ನನ್ನದೊಂದು ಬೇಡಿಕೆ. ಚಿತ್ರದಲ್ಲಿ ಚೆನ್ನಾಗಿ ಕಂಡ ಜಾಗಕ್ಕೆ ಪ್ರೇಕ್ಷಣೀಯ ಎನ್ನಿ, ಸುಂದರ ಎನ್ನಿ, ಚೆಲುವಾದದ್ದು ಎನ್ನಿ. ನಿಮ್ಮನ್ನು ನಿಲ್ಲಿಸಿದ, ಚೀಲ ಕೆಳಗಿಡಿಸಿದ, ಹೊರಡುವ ಹೊತ್ತು ಮೀರಿಸಿದ ಜಾಗ ಸಿಕ್ಕಾಗ ರಮಣೀಯ ಎಂದು ಬರೆಯಿರಿ. ಅಲ್ಲಿನ ಗಾಳಿ ಹೇಗಿತ್ತು, ನೀರು ಎಷ್ಟು ತಣ್ಣಗಿತ್ತು, ಅಲ್ಲಿ ಯಾರು ಬಾಳುತ್ತಿದ್ದಾರೆ ಎಂಬುದನ್ನೂ ಜೊತೆಗೆ ಬರೆಯಿರಿ. ಣಕಾರಕ್ಕೆ ದೀರ್ಘ ಕೊಡಲು ಮರೆಯಬೇಡಿ.